ಉಪ್ಪುನೀರಿನ ಹೊಸ ಟ್ಯಾಂಕ್‌ನಲ್ಲಿ ಕಲ್ಲೆಲ್ಲ ಹಸಿರು: ಏನು ಮಾಡಬೇಕು, ಏನು ಮಾಡಬಾರದು

ಪ್ರಶ್ನೆ: ನಾನು ಮೈಸೂರಿನವನು. ಎರಡೂವರೆ ತಿಂಗಳ ಹಿಂದೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮೆರೈನ್ ಟ್ಯಾಂಕ್ (ಸಮುದ್ರಜೀವಿಗಳ ಅಕ್ವೇರಿಯಂ) ಶುರು ಮಾಡಿದೆ. 18 ಕಿಲೋ ಡ್ರೈ ರಾಕ್ (ಜೀವವಿಲ್ಲದ ಒಣ ಕಲ್ಲು) ಇದೆ, ಎರಡು ಕ್ಲೌನ್ ಮೀನು ಇವೆ. ಮನೆಯ ಆರ್‌ಒ ಫಿಲ್ಟರ್ ನೀರಿಗೇ ಉಪ್ಪು ಬೆರೆಸಿ ಹಾಕುತ್ತೇನೆ. ಎಲ್‌ಇಡಿ ಲೈಟ್ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಉರಿಯುತ್ತದೆ. ಮೊದಲು ಕಲ್ಲಿನ ಮೇಲೆ ಕಂದು ಪುಡಿ ಬಂದು ಹೋಯಿತು. ಈಗ ಮೂರು ವಾರದಿಂದ ಹಸಿರು ಕೂದಲಿನಂಥ ಪಾಚಿ. ಟೆಸ್ಟ್ ಮಾಡಿದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತೋರಿಸುತ್ತವೆ. ಅಂಗಡಿಯವರು ಪಾಚಿ ಕೊಲ್ಲುವ ದ್ರಾವಣ ಕೊಟ್ಟಿದ್ದಾರೆ. ಗೆಳೆಯರೊಬ್ಬರು ಕಲ್ಲೆಲ್ಲ ತೆಗೆದು ಬ್ಲೀಚ್‌ನಲ್ಲಿ ತೊಳೆಯಿರಿ ಅಂದರು. ಯಾವುದು ಸರಿ? ನನ್ನ ಟ್ಯಾಂಕ್ ಕೆಟ್ಟುಹೋಯಿತೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕೆಟ್ಟಿಲ್ಲ. ಎರಡೂವರೆ ತಿಂಗಳಿಗೆ ಮೆರೈನ್ ಟ್ಯಾಂಕ್ ಎಲ್ಲಿರಬೇಕೋ ನಿಮ್ಮದು ಅಲ್ಲೇ ಇದೆ. ಕಂದು ಪುಡಿ ಬಂದು, ಹೋಗಿ, ಅದರ ಜಾಗಕ್ಕೆ ಹಸಿರು ಬಂದಿದೆ ಅಂದರೆ ಹೆಚ್ಚುಕಡಿಮೆ ಎಲ್ಲ ಹೊಸ ಟ್ಯಾಂಕ್‌ಗಳೂ ಸಾಗುವ ದಾರಿಯಲ್ಲೇ ಸಾಗುತ್ತಿದೆ. ಇನ್ನು ಅಂಗಡಿಯವರು ಕೊಟ್ಟ ಬಾಟಲಿ: ಮುಚ್ಚಳ ತೆಗೆದಿಲ್ಲವಾದರೆ ದಯವಿಟ್ಟು ತೆಗೆಯಬೇಡಿ.

ಪಾಚಿ ಕೊಲ್ಲಲೆಂದು ಮಾರುವ ದ್ರಾವಣಗಳಲ್ಲಿ ಎಷ್ಟೋ ಬ್ರ್ಯಾಂಡ್‌ಗಳ ಒಳಗಿರುವುದು ತಾಮ್ರ. ಕೊಳೆರೋಗ ಬಾರದಿರಲೆಂದು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಮೈಲುತುತ್ತ ಹಾಕುತ್ತಾರಲ್ಲ, ಅದರಲ್ಲಿರುವ ತಾಮ್ರವೇ ಇದು. ಪಾಚಿಯನ್ನು ಕೊಲ್ಲುತ್ತದೆ ಎನ್ನುವುದು ನಿಜ. ಆದರೆ ಸಿಗಡಿ, ಏಡಿ, ಬಸವನಹುಳು, ಹವಳ, ಹೀಗೆ ಬೆನ್ನೆಲುಬಿಲ್ಲದ ಸಮುದ್ರಜೀವಿಗಳು ತಾಮ್ರವನ್ನು ತಾಳಿಕೊಳ್ಳಲಾರವು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಮ್ಮ ಕಲ್ಲು ಸುಣ್ಣದ ಕಲ್ಲು. ತಾಮ್ರ ಅದಕ್ಕೆ, ಮರಳಿಗೆ ಅಂಟಿಕೊಂಡು ಕೂರುತ್ತದೆ, ಆಮೇಲೆ ಮೆಲ್ಲಮೆಲ್ಲಗೆ ನೀರಿಗೆ ಬಿಡುತ್ತಿರುತ್ತದೆ. ಆರು ತಿಂಗಳ ಮೇಲೆ ನೀವು ಆಸೆಯಿಂದ ತಂದ ಸಿಗಡಿ ಕಾರಣ ತಿಳಿಯದೆ ಸಾಯುತ್ತದೆ. ಒಳಗೇನಿದೆ ಎಂದು ಬಾಟಲಿಯ ಮೇಲೆ ಬರೆದಿಲ್ಲವೆಂದರೆ ತಾಮ್ರ ಇದೆ ಎಂದೇ ಭಾವಿಸಿ ದೂರ ಇಡಿ.

ಬ್ಲೀಚ್ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ನನ್ನ ಮೊದಲ ಟ್ಯಾಂಕ್‌ನಲ್ಲೂ ಮೂರನೆಯ ತಿಂಗಳಿಗೆ ಇದೇ ಹಸಿರು ಬಂತು. ಒಂದು ಭಾನುವಾರ ಕಲ್ಲುಗಳನ್ನೆಲ್ಲ ಹೊರಗೆ ತೆಗೆದೆ. ಬ್ಲೀಚ್ ಕೂಡ ಹಾಕಲಿಲ್ಲ, ಬರೀ ನಲ್ಲಿ ನೀರಿನಲ್ಲಿ ಬಟ್ಟೆ ಒಗೆಯುವ ಬ್ರಷ್‌ನಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ ಇಟ್ಟೆ. ಬುಧವಾರ ಅಮೋನಿಯಾ ಟೆಸ್ಟ್ ಮಾಡಿದಾಗ ಹಳದಿ ಇರಬೇಕಾದ ಗಾಜಿನ ನಳಿಕೆ ಹಸಿರಾಗಿತ್ತು. ಅದೇ ವಾರ ಒಂದು ಡ್ಯಾಮ್ಸೆಲ್, ಒಂದು ಗೋಬಿ ಸತ್ತವು. ಎರಡು ತಿಂಗಳು ತುಂಬುವುದರೊಳಗೆ ಪಾಚಿ ಮೊದಲಿಗಿಂತ ದಟ್ಟವಾಗಿ ಎದ್ದಿತ್ತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಮನೆ ಮಾಡಿರುವುದು ನೀರಿನಲ್ಲಿ ಅಲ್ಲ, ಆ ಕಲ್ಲಿನ ಮೈಮೇಲೆ. ಕ್ಲೋರಿನ್ ಇರುವ ಸಿಹಿನೀರು ತಾಗಿದರೆ ಅವು ಸಾಯುತ್ತವೆ. ನೀವು ನಾಲ್ಕಾರು ವಾರ ಕಾದು ಸೈಕಲ್ ಮಾಡಿಸಿದ, ಅಂದರೆ ಈ ಬ್ಯಾಕ್ಟೀರಿಯಾ ನೆಲೆಗೊಳ್ಳುವಂತೆ ಮಾಡಿದ, ಟ್ಯಾಂಕ್ ಒಂದೇ ದಿನದಲ್ಲಿ ಮೊದಲಿದ್ದಲ್ಲಿಗೆ ಹೋಗುತ್ತದೆ, ಈ ಸಲ ಒಳಗೆ ಮೀನುಗಳನ್ನೂ ಇಟ್ಟುಕೊಂಡು.

ಈ ಹಸಿರು ಬಂದದ್ದಾದರೂ ಯಾಕೆ? ಹೊಸದಾಗಿ ಉತ್ತು ಬಿಟ್ಟ ನೆಲದಲ್ಲಿ ಮೊದಲು ಏಳುವುದು ಕಳೆಯೇ ತಾನೆ? ಡ್ರೈ ರಾಕ್ ಕೂಡ ಅಂಥ ಬರಿ ನೆಲ. ಸಮುದ್ರದಲ್ಲಿ ಅಂಗೈಯಗಲ ಕಲ್ಲಿನ ಮೇಲೂ ಜಾಗಕ್ಕಾಗಿ ಪೈಪೋಟಿ ಇರುತ್ತದೆ: ಸ್ಪಾಂಜು, ಹುಳ, ಹವಳ, ಗುಲಾಬಿ ಬಣ್ಣದ ಕೋರಲೈನ್ ಪಾಚಿ, ಕಣ್ಣಿಗೆ ಕಾಣದ ನೂರಾರು ಬಗೆ. ನಿಮ್ಮ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಮೊದಲು ಬಂದದ್ದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ನೀವು ನೋಡಿದ ಕಂದು ಪುಡಿ. ಅದಕ್ಕೆ ಚಿಪ್ಪು ಕಟ್ಟಿಕೊಳ್ಳಲು ಸಿಲಿಕೇಟ್ ಬೇಕು, ಅದು ಮುಗಿಯುತ್ತ ಬಂದಂತೆ ತಾನೂ ಕರಗಿತು. ಆಮೇಲೆ ಬೇಗ ಬೆಳೆಯುವ ಹಸಿರು ಪಾಚಿ ಬಂತು. ಇದರ ಜೊತೆಗೆ ಡ್ರೈ ರಾಕ್ ಎಂದರೆ ಎಂದೋ ಜೀವ ತುಂಬಿದ್ದ ಕಲ್ಲು. ಅದರ ಸಂದುಗಳಲ್ಲಿ ಒಣಗಿದ ಜೀವಿಗಳ ಉಳಿಕೆಯೂ, ಕಲ್ಲೇ ಹಿಡಿದಿಟ್ಟುಕೊಂಡ ಫಾಸ್ಫೇಟೂ ಇರುತ್ತವೆ. ನೀರಿಗೆ ಬಿದ್ದಮೇಲೆ ಅದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಪಾಚಿ ಕಲ್ಲಿನ ಮೇಲೇ ಕೂತಿರುವುದರಿಂದ ನೀರಿಗೆ ಸೇರುವ ಮೊದಲೇ ಅದಕ್ಕೆ ಊಟ ಸಿಕ್ಕಿಬಿಡುತ್ತದೆ.

ನಿಮ್ಮ ಟೆಸ್ಟ್ ಸೊನ್ನೆ ತೋರಿಸುವುದಕ್ಕೂ ಇದೇ ಕಾರಣ. ಟೆಸ್ಟ್ ಅಳೆಯುವುದು ತಿಂದು ಉಳಿದದ್ದನ್ನು ಮಾತ್ರ. ತಟ್ಟೆ ಖಾಲಿ ಇದೆಯೆಂದು ಅನ್ನವೇ ಬಡಿಸಿರಲಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಕಲ್ಲಿನ ತುಂಬ ಹುಲುಸಾಗಿ ಪಾಚಿ ಇರುವಾಗ ಬಂದ ಸೊನ್ನೆಯನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ಈಗ ನೀರಿನ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ‘ಮನೆಯ ಆರ್‌ಒ’ ಎಂಬ ಮಾತೇ. ಕುಡಿಯುವ ನೀರಿನ ಆರ್‌ಒ ಯಂತ್ರ ಕುಡಿಯುವವರಿಗಾಗಿ ಮಾಡಿದ್ದು. ನೀರು ಸಪ್ಪೆ ಅನ್ನಿಸಬಾರದೆಂದು ಎಷ್ಟೋ ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಮೆಂಬ್ರೇನ್ (ಲವಣ ಸೋಸುವ ಪೊರೆ) ದಾಟದ ನೀರನ್ನು ಅದು ಒಂದಿಷ್ಟು ಮತ್ತೆ ಬೆರೆಸುತ್ತದೆ. ಕೆಲವು ಯಂತ್ರಗಳಲ್ಲಿ ಮಿನರಲ್ ಕಾರ್ಟ್ರಿಡ್ಜ್ ಕೂಡ ಇರುತ್ತದೆ. ನಮ್ಮ ಗಂಟಲಿಗೆ ಒಳ್ಳೆಯದು, ಟ್ಯಾಂಕ್‌ಗೆ ಅಲ್ಲ. ಪೆನ್ನಿನಂಥ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇವತ್ತೇ ಒಂದು ತರಿಸಿ ಆರ್‌ಒ ಯಂತ್ರದ ನಲ್ಲಿಯಿಂದ ಹಿಡಿದ ನೀರಿಗೆ ಅದ್ದಿ ನೋಡಿ. 50, 80, 100 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ತೋರಿಸಿದರೆ ಅಚ್ಚರಿಪಡಬೇಡಿ. ನಮಗೆ ಬೇಕಾದದ್ದು ಸೊನ್ನೆ.

ಇದು ಅಷ್ಟು ಮುಖ್ಯವೇ ಎಂದು ಕೇಳಬಹುದು. ಒಂದು ಲೆಕ್ಕ ಹಾಕೋಣ. ನಿಮ್ಮ ಅಳತೆಯ ಟ್ಯಾಂಕ್ ತುಂಬಿದರೆ ಸುಮಾರು 190 ಲೀಟರ್. ಕಲ್ಲು, ಮರಳು ಕಳೆದರೆ ನಿಜವಾದ ನೀರು 160 ಲೀಟರ್ ಇದ್ದೀತು. ದಿನಕ್ಕೆ 2 ಲೀಟರ್ ಆವಿಯಾಗುತ್ತದೆ, ಅಷ್ಟನ್ನೇ ನೀವು ತುಂಬುತ್ತೀರಿ ಎಂದುಕೊಳ್ಳಿ. 50 ದಿನಕ್ಕೆ 100 ಲೀಟರ್. ಆ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಒಟ್ಟು ಒಂದು ಗ್ರಾಂ ಟ್ಯಾಂಕ್ ಸೇರಿತು. ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ. 160 ಲೀಟರಿಗೆ ಹಂಚಿದರೆ ಅದೊಂದರಿಂದಲೇ 6 ಪಿಪಿಎಂ ಏರಿಕೆ, ಮೀನಿಗೆ ಹಾಕಿದ ಊಟ ಬೇರೆ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವೇ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್‌ವರೆಗೆ ಒಪ್ಪುತ್ತದೆ, ಮೆಂಬ್ರೇನ್ ಅದನ್ನು ಪೂರ್ತಿ ತಡೆಯುವುದಿಲ್ಲ. ಟಿಡಿಎಸ್ ಕಂಟ್ರೋಲರ್ ಮುಚ್ಚಿಸಿ, ಮಿನರಲ್ ಕಾರ್ಟ್ರಿಡ್ಜ್ ದಾಟುವ ಮೊದಲೇ ಟ್ಯಾಂಕ್‌ನ ನೀರಿಗೆ ಬೇರೆ ಪೈಪ್ ತೆಗೆಸಿ, ಅದರ ಕೊನೆಗೆ ಉಳಿದ ಲವಣಗಳನ್ನು ಹಿಡಿದಿಟ್ಟುಕೊಳ್ಳುವ ಡಿಐ ರೆಸಿನ್ ತುಂಬಿದ ಕೊಳವೆ ಹಾಕಿಸಿ. ಮೀಟರ್ ಸೊನ್ನೆ ತೋರಿಸುವುದು ನಿಂತ ದಿನ ರೆಸಿನ್ ಬದಲಿಸಿ. ಪಾಚಿಗೆಂದು ಹಣ ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೆ ಮಾಡಿ.

ಬೆಳಕಿನದು ಸುಲಭ. ಹವಳವೇ ಇಲ್ಲದ ಟ್ಯಾಂಕ್‌ಗೆ 12 ಗಂಟೆ ಬೆಳಕು ಯಾರಿಗಾಗಿ? ಪಾಚಿಗಾಗಿ ಮಾತ್ರ. ಏಳು ಗಂಟೆಗೆ ಇಳಿಸಿ, ಬಿಳಿ ಬೆಳಕನ್ನು ತಗ್ಗಿಸಿ ನೀಲಿಯನ್ನು ಉಳಿಸಿಕೊಳ್ಳಿ. ಕಿಟಕಿಯ ಬಿಸಿಲು ಬೀಳುತ್ತಿದ್ದರೆ ಪರದೆ ಎಳೆಯಿರಿ.

ಊಟವೂ ಅಷ್ಟೇ. ಎರಡು ಕ್ಲೌನ್ ಮೀನಿಗೆ ಒಂದು ನಿಮಿಷದಲ್ಲಿ ಮುಗಿಯುವಷ್ಟು ಸಾಕು. ಫ್ರೋಝನ್ ಆಹಾರವಾದರೆ ಬಟ್ಟಲಲ್ಲಿ ಕರಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಬಸಿದು ಹಾಕಿ.

ಇಷ್ಟು ಮಾಡಿದರೂ ಈಗಾಗಲೇ ಕಲ್ಲಿನ ಮೇಲಿರುವ ಪಾಚಿ ತಾನಾಗಿ ಹೋಗುವುದಿಲ್ಲ. ಅದನ್ನು ಕೈಯಿಂದಲೇ ಕೀಳಬೇಕು. ಇದರ ಬಗ್ಗೆ ನಾನು ವಿವರವಾಗಿ ಹೇಳಲೇಬೇಕು, ಏಕೆಂದರೆ ಜನ ಇದೊಂದನ್ನು ಬಿಟ್ಟು ಉಳಿದೆಲ್ಲ ಮಾಡುತ್ತಾರೆ. ಕಿತ್ತ ಪ್ರತಿ ಹಿಡಿ ಪಾಚಿಯ ಒಳಗೂ ನೈಟ್ರೋಜನ್, ಫಾಸ್ಫರಸ್ ಕಟ್ಟಿಕೊಂಡಿರುತ್ತವೆ. ಪಾಚಿ ಹೊರಗೆ ಬಂದರೆ ಅವೂ ಅದರೊಂದಿಗೆ ಹೊರಗೆ ಬಂದ ಹಾಗೆ. ಔಷಧಿ ಹಾಕಿ ಒಳಗೇ ಕೊಂದರೆ ಅದೆಲ್ಲ ಕೊಳೆತು ಮತ್ತೆ ನೀರಿಗೇ ಸೇರುತ್ತದೆ, ಮುಂದಿನ ಬೆಳೆಗೆ ಗೊಬ್ಬರ.

ವಾರಕ್ಕೊಮ್ಮೆ 25 ಲೀಟರ್ ನೀರು ಬದಲಿಸುವಾಗಲೇ ಈ ಕೆಲಸ ಮಾಡಿ. ಉಪ್ಪುನೀರನ್ನು ಹಿಂದಿನ ದಿನವೇ ಬೆರೆಸಿಟ್ಟುಕೊಳ್ಳಿ, ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಬಿಸಿ ಟ್ಯಾಂಕ್‌ನಷ್ಟೇ ಇರಲಿ. ಬೆರಳು ದಪ್ಪದ ಪೈಪಿನ ತುದಿಗೆ ಹಳೆಯ ಟೂತ್‌ಬ್ರಷ್ ಒಂದನ್ನು ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿ. ಬ್ರಷ್‌ನ ತಲೆ ಪೈಪಿನ ಬಾಯಿಗಿಂತ ಒಂದು ಬೆರಳು ಮುಂದಿರಬೇಕು. ಪಂಪ್, ವೇವ್‌ಮೇಕರ್ (ನೀರನ್ನು ಅಲೆಯಾಡಿಸುವ ಯಂತ್ರ) ಆಫ್ ಮಾಡಿ ನೀರು ನಿಂತಮೇಲೆ ಸೈಫನ್ ಶುರು ಮಾಡಿ, ಅಂದರೆ ಪೈಪಿನಿಂದ ನೀರು ಕೆಳಗಿನ ಬಕೆಟ್‌ಗೆ ತಾನಾಗಿ ಹರಿಯಲಿ. ಮಧ್ಯಾಹ್ನದ ಹೊತ್ತು ನೋಡಿದರೆ ಪ್ರತಿ ಎಳೆಯ ತುದಿಯಲ್ಲೂ ಸಾಸಿವೆಗಿಂತ ಚಿಕ್ಕ ಆಮ್ಲಜನಕದ ಗುಳ್ಳೆ ಅಂಟಿಕೊಂಡಿರುತ್ತದೆ. ಬ್ರಷ್ ತಾಗಿದೊಡನೆ ಅವೆಲ್ಲ ಸರಸರನೆ ಮೇಲೇಳುತ್ತವೆ. ಉದ್ದ ಎಳೆಗಳನ್ನು ಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಬುಡದಲ್ಲಿ ಹಿಡಿದು, ತಿರುಚಿ ಎಳೆಯಿರಿ. ಒದ್ದೆ ಉಣ್ಣೆಯ ಹಾಗೆ ಜೊಂಪೆ ಜೊಂಪೆಯಾಗಿ ಬರುತ್ತದೆ. ಹಾಗೆಯೇ ಪೈಪಿನ ಬಾಯಿಗೆ ಕೊಟ್ಟುಬಿಡಿ. ಉಳಿದ ಬುಡವನ್ನು ಬ್ರಷ್‌ನಿಂದ ತಿಕ್ಕಿದರೆ ಹಸಿರು ಹೊಗೆ ಎದ್ದು ಸೀದಾ ಪೈಪಿನೊಳಗೆ ಹೋಗುತ್ತದೆ. ಸೈಫನ್ ಇಲ್ಲದೆ ಸುಮ್ಮನೆ ತಿಕ್ಕಿದರೆ ಆ ಚೂರುಗಳೆಲ್ಲ ಬೇರೆ ಕಲ್ಲಿಗೆ ಹೋಗಿ ಕೂತು ಬೇರು ಬಿಡುತ್ತವೆ.

ಒಂದು ವಾರಕ್ಕೆ ಮೂರನೆಯ ಒಂದು ಭಾಗದ ಕಲ್ಲು ಸಾಕು. ಎತ್ತಿ ತೆಗೆಯಬಹುದಾದ ಕಲ್ಲಾದರೆ ಈಗಷ್ಟೇ ಟ್ಯಾಂಕ್‌ನಿಂದ ತೆಗೆದ ಉಪ್ಪುನೀರಿನ ಬಕೆಟ್‌ನಲ್ಲಿ ಅದ್ದಿ ತಿಕ್ಕಿ. ನಲ್ಲಿಯ ಹತ್ತಿರ ಒಯ್ಯಬೇಡಿ. ಆ ಬಕೆಟ್‌ನ ತಳದಲ್ಲಿ ಎಳ್ಳಿಗಿಂತ ಚಿಕ್ಕ ಬಿಳಿ ಜೀವಿಗಳು ಓಡಾಡುತ್ತಿದ್ದರೆ ಖುಷಿಪಡಿ. ಅವು ಕೋಪೆಪಾಡ್, ಪಾಚಿಯ ಎಳೆಮೊಳಕೆ ಮೇಯುವವು.

ತಿಕ್ಕಿದರೂ ಬಿಡದ ಒಂದೆರಡು ಜಾಗ ಇದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು, ಕಲ್ಲು ಹೊರಗೆ ಇದ್ದಾಗ ಮಾತ್ರ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 6ರದು. ಬಾಟಲಿ ಓದಿ ನೋಡಿ, ಅಷ್ಟೇ ಪ್ರಮಾಣದ ಆರ್‌ಒ ನೀರು ಬೆರೆಸಿ ಶೇ. 3ಕ್ಕೆ ಇಳಿಸಿ. ಕೈಗವಸು ಹಾಕಿಕೊಂಡು ಪಾಚಿ ಇದ್ದಲ್ಲಿ ಮಾತ್ರ ಹನಿಸಿ. ನೊರೆ ಏಳುತ್ತದೆ. ಮೂರು ನಾಲ್ಕು ನಿಮಿಷ ಬಿಟ್ಟು ಉಪ್ಪುನೀರಿನಲ್ಲಿ ಜಾಲಿಸಿ ಒಳಗಿಡಿ. ಒಂದು ಸಲಕ್ಕೆ ಒಂದೇ ಕಲ್ಲು.

ಕಿತ್ತದ್ದು ಮತ್ತೆ ಬೆಳೆಯದಿರಬೇಕಾದರೆ ಮೇಯುವವರು ಬೇಕು. ಸಮುದ್ರದಲ್ಲಿ ಪಾಚಿ ಬೆಳೆಯುವುದಿಲ್ಲ, ನಮ್ಮ ಟ್ಯಾಂಕ್‌ನಲ್ಲೇ ಏನೋ ದೋಷ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹವಳದ ದಿಬ್ಬಗಳ ಮೇಲೂ ಪಾಚಿ ದಿನವೂ ಬೆಳೆಯುತ್ತದೆ. ಬೆಳೆದದ್ದನ್ನು ಅದೇ ದಿನ ಯಾರೋ ತಿನ್ನುತ್ತಾರೆ, ಅದಕ್ಕೆ ನಮಗೆ ಕಾಣುವುದಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಪಕ್ಕ ನೀರಿಗಿಳಿದ ದಿನ ನಾನು ಗಮನಿಸಿದ್ದು ಇದನ್ನೇ. ಸರ್ಜನ್ ಮೀನುಗಳ ಹಿಂಡು ಬಂಡೆಯಿಂದ ಬಂಡೆಗೆ ಮೇಯುತ್ತ ಹೋಗುತ್ತಿತ್ತು, ಗಿಣಿಮೀನು ಕಲ್ಲನ್ನು ಕೆರೆಯುವ ಕರಕರ ಸದ್ದು ನೀರೊಳಗೆ ಕಿವಿಗೆ ಕೇಳುತ್ತಿತ್ತು. ಮೇಯುವವರು ಇಲ್ಲದಾದರೆ ಏನಾಗುತ್ತದೆ ಎಂಬುದನ್ನು ಕೆರಿಬಿಯನ್ ಸಮುದ್ರ ತೋರಿಸಿದೆ. 1983ರಲ್ಲಿ ಪನಾಮಾದ ಬಳಿ ಶುರುವಾದ ರೋಗಕ್ಕೆ ಉದ್ದ ಮುಳ್ಳಿನ ಕಪ್ಪು ಸಮುದ್ರ ಅರ್ಚಿನ್‌ಗಳು ಒಂದು ವರ್ಷದ ಆಸುಪಾಸಿನಲ್ಲಿ ಇಡೀ ಕೆರಿಬಿಯನ್ ತುಂಬ ಸತ್ತವು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಆಗಲೇ ಅತಿಯಾಗಿ ಹಿಡಿದು ಮುಗಿಸಿದ್ದರು, 1980ರ ಚಂಡಮಾರುತ ಹವಳಗಳನ್ನು ಮುರಿದಿತ್ತು, ಪಾಚಿ ತಿನ್ನಲು ಉಳಿದಿದ್ದದ್ದು ಅರ್ಚಿನ್ ಒಂದೇ. ಅದೂ ಹೋಯಿತು. 1970ರ ದಶಕದ ಕೊನೆಯಲ್ಲಿ ಅರ್ಧದಷ್ಟು ಹವಳ ಹೊದ್ದಿದ್ದ ತಳ 1990ರ ದಶಕದ ಆರಂಭಕ್ಕೆ ಪಾಚಿಯ ಹೊಲವಾಗಿತ್ತು. ಅಷ್ಟು ದೊಡ್ಡ ಸಮುದ್ರದ್ದೇ ಆ ಗತಿಯಾದರೆ, ಒಬ್ಬ ಮೇಯುವವನೂ ಇಲ್ಲದ 160 ಲೀಟರ್ ನೀರು ಹಸಿರಾಗದೆ ಇನ್ನೇನಾಗಬೇಕು?

ನಿಮ್ಮ ಟ್ಯಾಂಕ್‌ಗೆ ನಾಲ್ಕೈದು ಟರ್ಬೋ ಅಥವಾ ಟ್ರೋಕಸ್ ಬಸವನಹುಳು, ಮರಳಿಗೆ ಐದಾರು ಸೆರಿತ್ ಬಸವನಹುಳು ಸಾಕು. ಅಂಗಡಿಯಲ್ಲಿ ‘ಇಪ್ಪತ್ತು ಹಾಕಿ’ ಅನ್ನಬಹುದು, ಒಪ್ಪಬೇಡಿ. ಪಾಚಿ ಮುಗಿದಮೇಲೆ ಅವು ಉಪವಾಸ ಸತ್ತು, ಕೊಳೆತು, ಮತ್ತೆ ಪಾಚಿಗೇ ಆಹಾರವಾಗುತ್ತವೆ. ಬಸವನಹುಳು ಉದ್ದ ಕೂದಲನ್ನು ಅಷ್ಟಾಗಿ ತಿನ್ನುವುದಿಲ್ಲ, ಗಿಡ್ಡ ಬುಡವನ್ನು ತಿನ್ನುತ್ತದೆ. ಹಾಗಾಗಿ ಮೊದಲು ನೀವು ಕೀಳಬೇಕು, ಆಮೇಲೆ ಅವನ್ನು ಬಿಡಬೇಕು. ಲವಣಾಂಶ ತಟ್ಟನೆ ಬದಲಾದರೆ ಇವು ತಡೆಯುವುದಿಲ್ಲ. ತಂದ ಚೀಲದ ನೀರಿಗೆ ಟ್ಯಾಂಕ್ ನೀರನ್ನು ಸಣ್ಣ ನಳಿಕೆಯಿಂದ ಹನಿಹನಿಯಾಗಿ ಒಂದೂವರೆ ಗಂಟೆ ಬಿಟ್ಟು ಒಗ್ಗಿಸಿ. ಮರುದಿನ ಬೆಳಿಗ್ಗೆ ಗಾಜಿನ ಮೇಲಿನ ಹಸಿರು ಪದರದಲ್ಲಿ ಯಾರೋ ಬಾಚಣಿಗೆ ಎಳೆದಂತೆ ಅಂಕುಡೊಂಕು ಗೆರೆಗಳು ಕಾಣುತ್ತವೆ. ಅದು ಬಸವನಹುಳುವಿನ ಹಲ್ಲಿನ ಗುರುತು, ಕೆಲಸ ಶುರುವಾಗಿದೆ ಎಂದರ್ಥ. ಮಗುಚಿ ಬಿದ್ದದ್ದು ಕಂಡರೆ ನೆಟ್ಟಗೆ ಮಾಡಿ, ಕೆಲವಕ್ಕೆ ತಾವಾಗಿ ಏಳಲು ಬರುವುದಿಲ್ಲ. ಒಂದು ಲಾನ್‌ಮೋವರ್ ಬ್ಲೆನಿ ಮೀನು ತರಬಹುದು, ಆದರೆ ಇನ್ನೂ ಎರಡು ತಿಂಗಳು ಕಳೆದಮೇಲೆ. ಯೆಲ್ಲೋ ಟ್ಯಾಂಗ್ ಪಾಚಿ ತಿನ್ನುವುದೇನೋ ನಿಜ, ಆದರೆ ಮೂರಡಿ ಟ್ಯಾಂಕ್ ಅದಕ್ಕೆ ಪಂಜರ. ಬೇಡ.

ಇಲ್ಲಿ ಒಂದು ವಿನಂತಿ. ಸಮುದ್ರದಿಂದ ತಂದ ‘ಲೈವ್ ರಾಕ್’ (ಜೀವಿಗಳು ತುಂಬಿರುವ ಹವಳದ ಕಲ್ಲು) ಎಂದು ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಡಲತೀರಕ್ಕೆ ಹೋದಾಗ ಬಂಡೆಯ ಮೇಲಿನ ಬಸವನಹುಳು ಹೆಕ್ಕಿ ತರುವುದೂ ಬೇಡ. ಕೆಲವು ಜಾತಿಗಳಿಗೆ ಅದೇ ಕಾಯ್ದೆ ಅನ್ವಯಿಸುತ್ತದೆ. ಅಲ್ಲದೆ ಉಬ್ಬರ ಇಳಿತದಲ್ಲಿ ಬದುಕುವಂಥವು ಟ್ಯಾಂಕ್‌ನಲ್ಲಿ ನಿಲ್ಲದೆ ಗಾಜು ಹತ್ತಿ ಹೊರಗೆ ಬಿದ್ದು ಒಣಗುತ್ತವೆ. ಹಳೆಯ ಟ್ಯಾಂಕ್ ಇರುವ ಹವ್ಯಾಸಿಗಳು ಗೊತ್ತಿದ್ದರೆ ಅವರ ಸಂಪ್‌ನಿಂದ (ಟ್ಯಾಂಕ್‌ಗೆ ಜೋಡಿಸಿ ಕೆಳಗಿಡುವ ಫಿಲ್ಟರ್ ತೊಟ್ಟಿ) ಒಂದು ಹಿಡಿ ಕೀಟೋಮಾರ್ಫಾ ಕೇಳಿ. ನಿಮಗೆ ಬೇಕಾದಲ್ಲಿ ಬೆಳೆಯುವ ಪಾಚಿ ಅದು. ಸಂಪ್‌ನಲ್ಲಿ ರಾತ್ರಿ ಬೆಳಕು ಕೊಟ್ಟು ಬೆಳೆಸಿ, ಹೆಚ್ಚಾದದ್ದನ್ನು ಕತ್ತರಿಸಿ ತೆಗೆಯುತ್ತಿದ್ದರೆ ಕಲ್ಲಿನ ಪಾಚಿಯ ಪಾಲನ್ನು ಅದು ತಿನ್ನುತ್ತದೆ.

ಫಾಸ್ಫೇಟ್ ಹೀರುವ ಕಬ್ಬಿಣದ ಕಾಳು ಸಿಗುತ್ತದೆ, ಅದನ್ನು ತುಂಬಿಬಿಡಲೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಈಗ ಬೇಡ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಒತ್ತಾಯದಿಂದ ಸೊನ್ನೆಗೆ ಇಳಿಸಿದ ಹೊಸ ಟ್ಯಾಂಕ್‌ಗಳಿಗೆ ಡೈನೋಫ್ಲಾಜೆಲೇಟ್ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಂದು ಬಣ್ಣದ ಲೋಳೆ, ಸಿಂಬಳದಂತೆ ಜೋತು ಬೀಳುತ್ತದೆ, ತುದಿಗಳಲ್ಲಿ ಗುಳ್ಳೆ. ಅದರಲ್ಲಿ ಕೆಲವು ಬಗೆಗೆ ವಿಷ ಇರುತ್ತದೆ, ಬಸವನಹುಳುಗಳೇ ಸಾಯುತ್ತವೆ. ಅದರ ಎದುರು ಹಸಿರು ಪಾಚಿ ಸಾಧು ಪ್ರಾಣಿ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇರಲಿ. ಪಾಚಿ ಕಿತ್ತಮೇಲೆ ಈ ಅಂಕಿಗಳು ತುಸು ಏರುತ್ತವೆ. ಗಾಬರಿಯಾಗಬೇಡಿ, ತಿನ್ನುವ ಬಾಯಿ ಕಡಿಮೆಯಾಗಿದೆ ಅಷ್ಟೆ.

ನೀವು ‘ಕೂದಲಿನಂಥ’ ಅಂದಿದ್ದರಿಂದ ಸಾಮಾನ್ಯ ಹೇರ್ ಆಲ್ಗೆ ಎಂದುಕೊಂಡು ಇಷ್ಟನ್ನೂ ಬರೆದಿದ್ದೇನೆ. ಒಂದು ಎಳೆಯನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹರಡಿ ನೋಡಿ. ಜರೀಗಿಡದ ಎಲೆಯ ಹಾಗೆ, ಹಕ್ಕಿಯ ಗರಿಯ ಹಾಗೆ ಎರಡೂ ಪಕ್ಕ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್. ಅದನ್ನು ಬಸವನಹುಳುಗಳು ಅಷ್ಟಾಗಿ ಮುಟ್ಟುವುದಿಲ್ಲ, ಆ ಕಲ್ಲನ್ನು ಬೇರೆ ಮಾಡಿ ಮತ್ತೆ ನನಗೆ ಬರೆಯಿರಿ. ಹಸಿರು ಗಾಜಿನ ಮಣಿಯಂತೆ ದುಂಡಗಿದ್ದರೆ ವಲೋನಿಯಾ. ಅದನ್ನು ಒಡೆಯದೆ ಬುಡಸಮೇತ ಎಬ್ಬಿಸಿ ತೆಗೆಯಿರಿ.

ಎಷ್ಟು ದಿನ ಬೇಕು ಎಂದರೆ, ಡ್ರೈ ರಾಕ್‌ನ ಟ್ಯಾಂಕ್ ಈ ಹಂತ ದಾಟಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ನಡುವೆ ಎರಡು ವಾರ ಚೆನ್ನಾಗಿದ್ದು ಮತ್ತೆ ಒಂದು ವಾರ ಹಸಿರೇರಿದರೆ ಹೊಸ ಔಷಧಿ ಹುಡುಕಬೇಡಿ, ಬ್ರಷ್ ಹಿಡಿಯಿರಿ. ಕ್ಯಾಲ್ಸಿಯಂ 420 ಪಿಪಿಎಂ, ಆಲ್ಕಲಿನಿಟಿ (ನೀರಿನ ಕ್ಷಾರತೆ) 8 ಡಿಕೆಎಚ್ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಇರಲಿ. ಒಂದು ದಿನ ವೇವ್‌ಮೇಕರ್‌ನ ಮೇಲೋ, ಹಿಂದಿನ ಗಾಜಿನ ಮೂಲೆಯಲ್ಲೋ, ಕಲ್ಲಿನ ನೆರಳಿನ ಬದಿಯಲ್ಲೋ ಉಗುರಿನಿಂದ ಕೆರೆದರೂ ಬಾರದ ಗುಲಾಬಿ ಚುಕ್ಕೆ ಕಾಣುತ್ತದೆ, ರಾಗಿಕಾಳಿನಷ್ಟು. ಅದು ಕೋರಲೈನ್. ಅಲ್ಲಿಂದ ಮುಂದೆ ಬ್ರಷ್ ಆಡಿಸುವಾಗ ಆ ಚುಕ್ಕೆಗಳನ್ನು ತಪ್ಪಿಸಿ ಆಡಿಸಿ.